ಕವಿತೆ ತಂದ ಹುಡುಗನನ್ನು ಬರಿಗೈಯಲ್ಲಿ ಕಳಿಸಬೇಡಿ!

ಕನ್ನಡದ ತರುಣ ಗೆಳೆಯರೇ,

ಈ ಸಲದ ಸಂಪಾದಕೀಯ ಯಾವ ಮಂತ್ರಿಯನ್ನೂ ಯಾವ ಅಧಿಕಾರಿಯನ್ನೂ ಬೈಯುವುದಕ್ಕಲ್ಲ. ಮೊದಲ ಏಟು ನನಗೇ ಬೀಳಲಿ. ಎರಡನೆಯದು ನಿಮಗೆ.

ನಾನು ಅರ್ಗಾದವನು. ಓದಿದ್ದು ಪಿಯುಸಿ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಬಿಣಗಾ ದಾಟಿ ಕಾರವಾರಕ್ಕೆ ಹೋಗಿ, ಅಪ್ಪ ಬಿಟ್ಟುಹೋದ ಮುದ್ರಣಾಲಯದ ಬಾಗಿಲು ತೆಗೆಯುವವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು, ಇವೇ ನನ್ನ ಅನ್ನ. ವರ್ಷಕ್ಕೆ ನಾಲ್ಕೈದು ಸಲ ಒಬ್ಬ ಹುಡುಗನೋ ಹುಡುಗಿಯೋ ನೋಟ್‌ಬುಕ್ಕು ಎದೆಗೆ ಅವಚಿಕೊಂಡು ಒಳಗೆ ಬರುತ್ತಾರೆ. "ಅಣ್ಣಾ, ಒಂದು ಕವನ ಸಂಕಲನ ಮಾಡಬೇಕಿತ್ತು. ಎಷ್ಟಾಗ್ತದೆ?" ನಾನು ಕ್ಯಾಲ್ಕುಲೇಟರ್ ತೆಗೆಯುತ್ತೇನೆ. ಎಷ್ಟು ಪುಟ, ಎಷ್ಟು ಪ್ರತಿ, ಎಂಥ ಕಾಗದ, ಮುಖಪುಟಕ್ಕೆ ಎಷ್ಟು ಬಣ್ಣ? ಲೆಕ್ಕ ಹೇಳಿ ಮುಂಗಡ ತೆಗೆದುಕೊಳ್ಳುತ್ತೇನೆ. ಕವಿತೆ ಓದುವುದಿಲ್ಲ! ಅದು ನನ್ನ ಕೆಲಸವಲ್ಲ ಅಂದುಕೊಂಡಿದ್ದೆ.

ಕೆಲವು ವರ್ಷಗಳ ಹಿಂದೆ ಹಾಗೆ ಬಂದವನು ನಮ್ಮೂರಿನ ಹುಡುಗನೇ. ಅರ್ಗಾ ಎಂದರೆ ನಿಮಗೆ ಗೊತ್ತಿರಬೇಕು. 1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದ ಊರು. ನಾನಾಗ ಚಡ್ಡಿ ಹಾಕಿಕೊಂಡು ತಿರುಗುವ ಹುಡುಗ. 2005ರ ಮೇ 31ರಂದು ನೌಕಾನೆಲೆ ಕೆಲಸ ಶುರುಮಾಡಿತು. ಅಷ್ಟರೊಳಗೆ ಕಾರವಾರ, ಅಂಕೋಲಾ ಕರಾವಳಿಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನು ಒಣಗಿಸುವ ಮರಳು ಎಲ್ಲ ಬಿಟ್ಟು ಎದ್ದುಹೋಗಿದ್ದವು. ನೌಕಾನೆಲೆಗೆ ಕದಂಬರ ಹೆಸರು ಇಟ್ಟರು. ನಮಗೆಲ್ಲ ಹೆಮ್ಮೆಯಾಯಿತು. ಆದರೆ ಆ ಮರಳಿನವರ ಮನೆಯಲ್ಲಿ ಹುಟ್ಟಿದ ಹುಡುಗನೊಬ್ಬ ಕನ್ನಡದಲ್ಲಿ ಬರೆದು ತಂದಾಗ ಅದನ್ನು ಓದುವವರು ಯಾರೂ ಇರಲಿಲ್ಲ.

ಅವನು ಹುಟ್ಟುವ ಹೊತ್ತಿಗೆ ಮನೆಯವರು ಪುನರ್ವಸತಿ ಕಾಲೊನಿಯ ದಾರಿ ಹಿಡಿದಿದ್ದರು. ಹಳೆಯ ಊರಿನ ಕಡಲನ್ನು ಅವನು ಕಂಡದ್ದಕ್ಕಿಂತ ಅಜ್ಜಿಯ ಬಾಯಲ್ಲಿ ಕೇಳಿದ್ದೇ ಹೆಚ್ಚು. ಮನೆಮಾತು ಕೊಂಕಣಿ. ಕಲಿತದ್ದು ಕನ್ನಡ ಶಾಲೆ. ಕಂಟ್ರಾಕ್ಟರನ ಕೈಕೆಳಗೆ ದುಡಿದು ಕೂಡಿಸಿದ ದುಡ್ಡು ತಂದು ನನ್ನ ಮೇಜಿನ ಮೇಲೆ ಇಟ್ಟ. 40 ಕವಿತೆ, 300 ಪ್ರತಿ. ಪ್ರೂಫ್ ಅವನ ಕೈಗೇ ಕೊಟ್ಟು "ನೋಡಿಕೋ ತಮಾ" ಅಂದೆ. ಅವನು ನೋಡಿದ. ಪುಸ್ತಕ ಹೊರಬಿತ್ತು.

ಬಿಡುಗಡೆಯ ದಿನ ವೇದಿಕೆಯಲ್ಲಿ ಕೂತಿದ್ದ ಒಬ್ಬ ದೊಡ್ಡ ಮನುಷ್ಯರು ಪುಸ್ತಕ ತೆರೆದು, ಹುಡುಗ ಕಡಲಿಗೆ "ಬಂದನು" ಎಂದು ಬರೆದಿದ್ದನ್ನು ಎತ್ತಿ ಎತ್ತಿ ಓದಿದರು. "ಕಡಲು ಬಂದಿತು ಅನ್ನುವಷ್ಟು ಕನ್ನಡ ಬಾರದವರೂ ಕವಿಗಳು!" ಸಭೆ ನಕ್ಕಿತು. ನಾನೂ ನಕ್ಕೆ. ಹೌದು, ಗೆಳೆಯರೇ, ಅವನ ದುಡ್ಡಿನಲ್ಲಿ ಆ ತಿಂಗಳ ಕರೆಂಟ್ ಬಿಲ್ ಕಟ್ಟಿದ ನಾನೂ ನಕ್ಕೆ! ಕಾರ್ಯಕ್ರಮ ಮುಗಿದ ಮೇಲೆ ಉಳಿದ ಕೆಲವರು ಅವನ ಬೆನ್ನು ತಟ್ಟಿ "ಶಭಾಶ್, ಬರೀತಾ ಇರು" ಅಂದು ಚಹಾ ಕುಡಿದು ಹೋದರು. ಅವರಲ್ಲಿ ಒಬ್ಬರೂ ಪುಸ್ತಕ ಬಿಚ್ಚಿರಲಿಲ್ಲ. ಅವನು ಕಟ್ಟು ಬಿಚ್ಚದ ಪುಸ್ತಕಗಳನ್ನು ರಿಕ್ಷಾಕ್ಕೆ ಹಾಕಿಕೊಂಡು ಹೋದ. ಆಮೇಲೆ ಬರೆಯುವುದನ್ನು ಬಿಟ್ಟ.

ಈಗ ಹೇಳಿ, ಅವನ ಕೈಯಿಂದ ಪೆನ್ನು ಕಸಿದವರು ಯಾರು? ನಕ್ಕವರೋ? ಓದದೆ ಹೊಗಳಿದವರೋ? ಇಬ್ಬರೂ! ಗೇಲಿ ಮಾಡುವವನು ಮುಂದಿನಿಂದ ತಳ್ಳುತ್ತಾನೆ. ಸುಳ್ಳು ಹೊಗಳುವವನು ಹಿಂದೆ ನಿಂತು, ಬೀಳುವಾಗ ಕೈ ಬಿಡುತ್ತಾನೆ.

ಕನ್ನಡ ಬೆಳೆದದ್ದು ಈ ದಾರಿಯಲ್ಲಲ್ಲ. ನೆನಪಿಸಿಕೊಳ್ಳಿ.

1924. ಮೈಸೂರು. ಇಪ್ಪತ್ತರ ಒಳಗಿನ ಒಬ್ಬ ಮಲೆನಾಡಿನ ವಿದ್ಯಾರ್ಥಿ ತನ್ನ ಇಂಗ್ಲಿಷ್ ಕವಿತೆಗಳನ್ನು ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅವರ ಮುಂದೆ ಇಟ್ಟ. ಎರಡು ವರ್ಷದ ಹಿಂದೆ ಇಂಗ್ಲಿಷಿನಲ್ಲೇ ಅವನ ಪುಟ್ಟ ಪುಸ್ತಕವೂ ಅಚ್ಚಾಗಿತ್ತು. ಕಸಿನ್ಸ್ "ವಾಹ್" ಅಂದು ಕಳಿಸಬಹುದಿತ್ತು. ಹುಡುಗ ಖುಷಿಯಿಂದ ಮನೆಗೆ ಹೋಗುತ್ತಿದ್ದ. ಆದರೆ ಅವರು ಓದಿ, ನಿನ್ನ ನುಡಿಯಲ್ಲಿ ಬರೆ ಎಂದು ನೇರವಾಗಿ ಹೇಳಿದರು. ಆ ಹುಡುಗನಿಗೆ ಮೊದಲು ಬೇಸರವಾಗಿರಬಹುದು. ಆದರೆ ಅವನೇ ಮುಂದೆ ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ ಕುವೆಂಪು! ಕನ್ನಡ ಬಾರದ ಒಬ್ಬ ವಿದೇಶಿ, ಓದಿ ಆಡಿದ ಒಂದು ಪ್ರಾಮಾಣಿಕ ಮಾತಿನಿಂದ ನಮಗೆ ಇಷ್ಟು ದೊಡ್ಡ ಉಪಕಾರ ಮಾಡಿದ. ಕನ್ನಡ ಬಲ್ಲ ನಾವು ಪಕ್ಕದ ಮನೆಯ ಹುಡುಗನಿಗೆ ಏನು ಮಾಡಿದ್ದೇವೆ?

ಧಾರವಾಡಕ್ಕೆ ಬನ್ನಿ. 1920ರ ದಶಕದಲ್ಲಿ ಅಲ್ಲಿ ಬೇಂದ್ರೆಯವರ ಸುತ್ತ ಒಂದು ಗೆಳೆಯರ ಗುಂಪು ಕಟ್ಟಿಕೊಂಡಿತು. ಶಂಬಾ ಜೋಶಿ, ಬೆಟಗೇರಿ ಕೃಷ್ಣಶರ್ಮ, ರಂ. ಶ್ರೀ. ಮುಗಳಿ, ವಿ. ಕೃ. ಗೋಕಾಕ. ಆಗ ಇವರು ಯಾರೂ ಪಠ್ಯಪುಸ್ತಕದ ಕವಿಗಳಲ್ಲ. ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳುವ, ವಾದ ಮಾಡುವ ತರುಣರು. ಬೇಂದ್ರೆಯವರು ತನ್ನ ಕಾವ್ಯಗುರು ಎಂದು ಗೋಕಾಕರು ಒಪ್ಪಿಕೊಂಡಿದ್ದರು. ಆ ಒಂದು ಗುಂಪಿನಿಂದ ಎರಡು ಜ್ಞಾನಪೀಠ ಬಂತು, 1973ರಲ್ಲಿ ಬೇಂದ್ರೆಯವರಿಗೆ, 1990ರಲ್ಲಿ ಗೋಕಾಕರಿಗೆ. ಅಷ್ಟೇ ಅಲ್ಲ. 1982ರಲ್ಲಿ ಡಾ. ರಾಜ್‌ಕುಮಾರ್ ಬೀದಿಗಿಳಿದು ನಾಡೆಲ್ಲ ಎದ್ದುನಿಂತ ಆ ಚಳವಳಿಗೆ ನಾವು ಯಾರ ಹೆಸರು ಹಿಡಿದು ಕೂಗಿದೆವು? ಗೋಕಾಕ ಚಳವಳಿ! ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು ವರದಿ ಕೊಟ್ಟ ಆ ಹಿರಿಯರು, ಹುಡುಗನಾಗಿದ್ದಾಗ ಗೆಳೆಯರ ನಡುವೆ ಕವಿತೆ ಓದಿ ತಿದ್ದಿಸಿಕೊಂಡವರು. ಚಳವಳಿಯ ಬೇರು ಎಲ್ಲಿತ್ತು ನೋಡಿ.

ಇದು ಪೇಟೆಯವರ, ಕಾಲೇಜಿನವರ ಕೆಲಸ ಅನ್ನಬೇಡಿ. ವಿಜಯಪುರ ಜಿಲ್ಲೆಯ ಹಲಸಂಗಿ ಒಂದು ಹಳ್ಳಿ. ಅಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಜೊತೆ ಸೇರಿದರು. ಬೇರೆ ಬೇರೆ ಜಾತಿ, ಬೇರೆ ಧರ್ಮ, ಆದರೆ ಓದು ಒಂದೇ. ಹೆಣ್ಣುಮಕ್ಕಳು ಬೀಸುವಾಗ ಕುಟ್ಟುವಾಗ ಹಾಡುತ್ತಿದ್ದ ಹಾಡುಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಹೊರತಂದರು. ಯಾವ ಸರಕಾರದ ಅನುದಾನ ಕೇಳಿದ್ದರು ಅವರು?

ನಮ್ಮ ಜಿಲ್ಲೆಯೂ ಹಿಂದೆ ಬಿದ್ದದ್ದಲ್ಲ. ಅಂಕೋಲೆಯ ಅಲಗೇರಿಯಲ್ಲಿ 1909ರಲ್ಲಿ ಹುಟ್ಟಿದ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಹೈಸ್ಕೂಲು ತಂದರು. 'ಜನಸೇವಕ' ವಾರಪತ್ರಿಕೆ ನಡೆಸಿದರು. ನಾಲ್ಕು ಸಾಲಿನ ಚುಟುಕಕ್ಕೆ ಮನೆಮನೆಯಲ್ಲಿ ಜಾಗ ಕೊಡಿಸಿದರು. ರೈತನ ಮಗನೂ ತಾನೊಂದು ಚುಟುಕ ಬರೆಯಬಲ್ಲೆ ಅಂದುಕೊಳ್ಳುವ ಧೈರ್ಯ ಬಂತಲ್ಲ, ಅದು ಸಣ್ಣ ಮಾತೇ? ಇದೇ ಜಿಲ್ಲೆಯ ಶಾಲೆಗಳಲ್ಲಿ ಮೇಷ್ಟರಾಗಿ ಬಾಳು ಸವೆಸಿದ ಸು. ರಂ. ಎಕ್ಕುಂಡಿಯವರ 'ಬಕುಲದ ಹೂಗಳು' ಸಂಕಲನಕ್ಕೆ 1992ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇನ್ನು ಆ ನಗುವಿನ ಮಾತು. "ಕೊಂಕಣಿಯವನಿಗೆ ಕನ್ನಡ ಬರುತ್ತದೆಯೇ?" ಕಾರವಾರದಲ್ಲಿ ಈ ಪ್ರಶ್ನೆ ಕೇಳುವವರು ಸ್ವಲ್ಪ ಇತಿಹಾಸ ಓದಲಿ! ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಗೋಕರ್ಣದ ಗೌರೀಶ ಕಾಯ್ಕಿಣಿಯವರದು ಕೊಂಕಣಿ. ಅವರ ಮಗ ಜಯಂತ ಕಾಯ್ಕಿಣಿ 1974ರಲ್ಲಿ, 19ರ ವಯಸ್ಸಿನಲ್ಲೇ, ಮೊದಲ ಕವನ ಸಂಕಲನಕ್ಕೆ ರಾಜ್ಯ ಅಕಾಡೆಮಿ ಬಹುಮಾನ ಪಡೆದವರು. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ನಿಸಾರ್ ಅಹಮದರದು ಉರ್ದು. ಇವರನ್ನೆಲ್ಲ ಬಾಗಿಲಲ್ಲೇ ನಕ್ಕು ಕಳಿಸಿದ್ದರೆ ಇವತ್ತು ಕನ್ನಡದ ಕಪಾಟಿನಲ್ಲಿ ಏನು ಉಳಿಯುತ್ತಿತ್ತು?

1967ರ ಮಹಾಜನ ವರದಿ ಕಾರವಾರದ ಮೇಲಿನ ಮಹಾರಾಷ್ಟ್ರದ ಹಕ್ಕನ್ನು ಒಪ್ಪಲಿಲ್ಲ. ಸರಿ, ಗೆದ್ದೆವು. ಆದರೆ ಊರು ನಕ್ಷೆಯಲ್ಲಿ ಉಳಿದರೆ ಸಾಕೇ? ಕೊಂಕಣಿ ಮನೆಯ ಹುಡುಗ ತಾನಾಗಿ ಕನ್ನಡದಲ್ಲಿ ಕವಿತೆ ಬರೆಯುತ್ತಾನಲ್ಲ, ಕಾರವಾರ ಕನ್ನಡದ್ದು ಅನ್ನಲು ಅದಕ್ಕಿಂತ ದೊಡ್ಡ ಸಾಕ್ಷಿ ಯಾವ ಆಯೋಗ ಕೊಟ್ಟೀತು? ಆ ಸಾಕ್ಷಿಯನ್ನು ನಾವೇ ಹರಿದು ಹಾಕಿದೆವು.

ತಡವಾಗಿಯಾದರೂ ನಾನು ಅವನ ಪುಸ್ತಕ ಓದಿದೆ. ಓದಿ ಅವನ ಕಾಲೊನಿಗೆ ಹುಡುಕಿಕೊಂಡು ಹೋದೆ. "ತಮಾ, ಕಡಲು ಬಂದನು ಅಂತ ಯಾಕೆ ಬರೆದೆ?" ಎಂದು ಕೇಳಿದೆ. ಬಿಡುಗಡೆಯ ದಿನ ಕೇಳಬೇಕಿದ್ದ ಪ್ರಶ್ನೆ ಅದು. ಅವನು ಹೇಳಿದ, "ನಮ್ಮ ಮಾತಿನಲ್ಲಿ ದರ್ಯಾ ಅಂದರೆ ಗಂಡು, ಅಣ್ಣಾ. ಅಜ್ಜಿ ಯಾವಾಗಲೂ ಹಾಗೇ ಹೇಳ್ತಿದ್ದಳು. ಅವನು ಬಂದ, ಅವನು ಸಿಟ್ಟಾದ ಅಂತ." ಮೈ ಜುಮ್ಮೆಂದಿತು. ನಮ್ಮ ಪುರಾಣದಲ್ಲೂ ಸಮುದ್ರರಾಜ ಗಂಡಸೇ ಅಲ್ಲವೇ! ಅದು ತಪ್ಪಾಗಿರಲಿಲ್ಲ, ಅದೇ ಕವಿತೆಯಾಗಿತ್ತು. ಆದರೆ ಇನ್ನೊಂದು ಪುಟದಲ್ಲಿ ಹೆದ್ದಾರಿಗೂ "ಬಂದನು" ಅಂದಿದ್ದ. ಕೊಂಕಣಿಯಲ್ಲಿ ರಸ್ತೆಯೂ ಗಂಡೇ. ಅದು ಮಾತ್ರ ಅಲ್ಲಿ ಸುಮ್ಮನೆ ನುಸುಳಿದ ತಪ್ಪು. "ಇದನ್ನು ತಿದ್ದು, ಅದನ್ನು ಬಿಡಬೇಡ" ಅಂದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ, "ಇದನ್ನು ಅವತ್ತೇ ಪ್ರೂಫಿನಲ್ಲಿ ಹೇಳಬಹುದಿತ್ತಲ್ಲ ಅಣ್ಣಾ?" ನನ್ನ ಹತ್ತಿರ ಉತ್ತರವಿರಲಿಲ್ಲ.

ಓದುವುದು ಎಂದರೆ ಇದು, ಗೆಳೆಯರೇ. ಯಾವುದು ತಪ್ಪು, ಯಾವುದು ಅವನ ಸ್ವತ್ತು ಎಂದು ಬೇರ್ಪಡಿಸಿ ತೋರಿಸುವುದು. ಅದಕ್ಕೆ ಎಂ.ಎ. ಬೇಕಾಗಿಲ್ಲ. ಪಿಯುಸಿಯ ನಾನು ಮಾಡಬಹುದಾದರೆ ನೀವೂ ಮಾಡಬಹುದು. ನಾನು ಕಲಿತ ನಾಲ್ಕು ಪಾಠ ಹೇಳುತ್ತೇನೆ.

ಒಂದು, ಎರಡು ಸಲ ಓದದೆ ಬಾಯಿ ತೆರೆಯಬೇಡಿ. ಒಮ್ಮೆ ಕಣ್ಣಲ್ಲಿ, ಒಮ್ಮೆ ಗಟ್ಟಿಯಾಗಿ. ಎಡವುವ ಸಾಲು ಕಿವಿಗೆ ಸಿಗುತ್ತದೆ.

ಎರಡು, "ಚೆನ್ನಾಗಿದೆ" ಎಂದರೆ ಯಾವ ಸಾಲು, ಯಾಕೆ ಚೆನ್ನ ಎಂದು ಬೆರಳಿಟ್ಟು ಹೇಳಿ. ಬೆರಳಿಡಲು ಜಾಗ ಸಿಗದಿದ್ದರೆ ಹೊಗಳಬೇಡಿ.

ಮೂರು, ತಪ್ಪನ್ನು ಪ್ರಶ್ನೆಯಾಗಿ ಕೇಳಿ, ತೀರ್ಪಾಗಿ ಕೊಡಬೇಡಿ. ಮೊದಲು ಒಂಟಿಯಾಗಿದ್ದಾಗ ಹೇಳಿ, ಸಭೆಯಲ್ಲಿ ಅಲ್ಲ. ಇಂಗ್ಲಿಷ್ ಕವಿ ಎಲಿಯಟ್ 1922ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಕವಿತೆಯ ಹಸ್ತಪ್ರತಿಯನ್ನು ಮೊದಲು ಗೆಳೆಯ ಪೌಂಡನ ಕೈಗೆ ಕೊಟ್ಟಿದ್ದ. ಪೌಂಡ್ ಹೆಚ್ಚುಕಡಿಮೆ ಅರ್ಧದಷ್ಟನ್ನು ಹೊಡೆದುಹಾಕಿದ. ಗೆಳೆತನ ಮುರಿಯಲಿಲ್ಲ. ಯಾಕೆಂದರೆ ಅದು ಇಬ್ಬರ ನಡುವಿನ ಕೆಲಸ, ವೇದಿಕೆಯ ತಮಾಷೆಯಲ್ಲ.

ನಾಲ್ಕು, ತಿದ್ದಿಸಿಕೊಳ್ಳುವವರಿಗೂ ಒಂದು ಮಾತು. ನಮ್ಮ ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. 1883ರಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದು ಇಲ್ಲೇ ಒಂದು ನಾಟಕ ಬರೆದಾಗ ಅವರಿಗೆ 22 ವರ್ಷ. ಅವರ ಅತ್ತಿಗೆ ಕಾದಂಬರಿ ದೇವಿ, ಬೇರೊಬ್ಬ ಕವಿಯ ಮಟ್ಟಕ್ಕೆ ನೀನು ಬರಲಾರೆ ಎಂದೇ ಕೆಣಕುತ್ತಿದ್ದರಂತೆ. ಠಾಕೂರರು ಮುನಿದು ಬರೆಯುವುದನ್ನು ಬಿಡಲಿಲ್ಲ, ಇನ್ನಷ್ಟು ಬರೆದರು. ಮನೆಯವರ ಟೀಕೆಯಲ್ಲಿ ಪ್ರೀತಿ ಇದ್ದರೆ ಅದು ಗೊಬ್ಬರ. ಆದ್ದರಿಂದ ಯಾರಾದರೂ ನಿಮ್ಮ ಸಾಲಿನ ಕೆಳಗೆ ಗೆರೆ ಎಳೆದರೆ ಸಿಟ್ಟಾಗಬೇಡಿ. ಅವನು ಅಷ್ಟು ದೂರ ಓದಿದ್ದಾನೆ ಎಂದು ತಿಳಿಯಿರಿ.

ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಮುಂಬಯಿಯಲ್ಲಿ ಇರುವ ನಮ್ಮ ತರುಣರೇ, ನಾಮಫಲಕದಲ್ಲಿ ಕನ್ನಡ ಇಲ್ಲ ಎಂದು ನೀವು ಬೀದಿಗಿಳಿಯುತ್ತೀರಿ. ಇಳಿಯಲೇಬೇಕು. ನಿಮ್ಮ ಪಕ್ಕದಲ್ಲೇ ಬಾವುಟ ಹಿಡಿದವನ ಜೇಬಿನಲ್ಲಿ ಮಡಿಸಿದ ಒಂದು ಕವಿತೆ ಇದ್ದೀತು. ಅದನ್ನು ಕೇಳಿ ಓದಿದ್ದೀರಾ? ಬೋರ್ಡು ಬರೆಸಲು ಕಾನೂನು ಸಾಕು. ಕವಿತೆ ಬರೆಸಲು ಗೆಳೆಯರೇ ಬೇಕು. ಹತ್ತು ಜನ ಬೇಡ, ನಾಲ್ಕು ಜನ ಸಾಕು. ಹಾರ ಬೇಡ, ಮೈಕು ಬೇಡ, ಅಧ್ಯಕ್ಷರಂತೂ ಬೇಡವೇ ಬೇಡ!

ಈಗ ಪ್ರತಿ ಭಾನುವಾರ ಸಂಜೆ ನನ್ನ ಪ್ರೆಸ್ಸಿನ ಶಟರ್ ಅರ್ಧ ಇಳಿದಿರುತ್ತದೆ. ಒಳಗೆ ಐದಾರು ಜನ ಕಾಗದದ ಬಂಡಲುಗಳ ಮೇಲೆ ಕೂತಿರುತ್ತಾರೆ. ಒಬ್ಬಳು ಬ್ಯಾಂಕಿನಲ್ಲಿ ದುಡಿಯುವವಳು, ಒಬ್ಬ ಬಸ್ ಕಂಡಕ್ಟರ್, ಇಬ್ಬರು ಕಾಲೇಜಿನವರು. ಒಬ್ಬರು ಓದುತ್ತಾರೆ, ಉಳಿದವರು ಪೆನ್ಸಿಲ್ ಹಿಡಿಯುತ್ತಾರೆ. ಓದಿ ತಿದ್ದದ ಹಸ್ತಪ್ರತಿಗೆ ಈಗ ನಾನು ಮುಂಗಡ ತೆಗೆದುಕೊಳ್ಳುವುದಿಲ್ಲ. ವ್ಯಾಪಾರ ಸ್ವಲ್ಪ ಕಡಿಮೆಯಾಗಿದೆ. ಆಗಲಿ.

ಅರ್ಗಾದ ಆ ಹುಡುಗನೂ ಮೂರು ವಾರದಿಂದ ಬರುತ್ತಿದ್ದಾನೆ. ಮೂಲೆಯಲ್ಲಿ ಕೂತು ಬೇರೆಯವರ ಕವಿತೆ ಕೇಳುತ್ತಾನೆ. ಕಳೆದ ವಾರ ಒಬ್ಬಳ ಸಾಲನ್ನು ತಿದ್ದಿದ. ತಿದ್ದಿದ್ದು ಸರಿಯಾಗಿತ್ತು. ತನ್ನದನ್ನು ಇನ್ನೂ ಓದಿಲ್ಲ. ನಾವು ಯಾರೂ ಒತ್ತಾಯ ಮಾಡುತ್ತಿಲ್ಲ.

ನಿಮ್ಮ ಊರಿನಲ್ಲೂ ಅಂಥವನೊಬ್ಬ ಇದ್ದಾನೆ. ಈ ಪತ್ರಿಕೆ ಮಡಿಸಿಟ್ಟು ಇವತ್ತೇ ಅವನ ಮನೆಗೆ ಹೋಗಿ. ನೋಟ್‌ಬುಕ್ಕು ಕೇಳಿ ಇಸಿದುಕೊಳ್ಳಿ. ಓದಿ!

ಸಿರಿಗನ್ನಡಂ ಗೆಲ್ಗೆ.