ಜರಿ ಎಳೆಯ ಸಸಲು



ಸಂಘದ ಕಳೆದ ಸಭೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಹತ್ತನೆಯ ತರಗತಿಯ ಹುಡುಗನೊಬ್ಬ ಪಕ್ಕದಲ್ಲಿ ಬಂದು ಕೂತ. "ಅಂಕಲ್, ನೀವು ಮೀನು ಹಿಡೀತೀರಂತಲ್ಲ, ಎರೆಹುಳ ಮುಟ್ಟದೆ ಹಿಡಿಯೋಕೆ ಆಗುತ್ತಾ?" ಎಂದು ಮೆಲ್ಲಗೆ ಕೇಳಿದ. ಆಗುತ್ತದೆ. ಅವನಿಗೆ ಕೊಟ್ಟ ಉತ್ತರವನ್ನೇ ಈ ಸಲದ ಅಂಕಣದಲ್ಲಿ ಬರೆಯುತ್ತಿದ್ದೇನೆ.

ಗಾಳ ಹಾಕುವುದು ಕೆಲಸವಿಲ್ಲದವರ ಚಾಳಿ ಎಂದು ಮನೆಯಲ್ಲಿ ಯಾರಾದರೂ ಗೊಣಗಿದರೆ ಪೂರ್ಣಚಂದ್ರ ತೇಜಸ್ವಿಯವರ (1938–2007) ಹೆಸರು ಹೇಳಿ. ಮೂಡಿಗೆರೆಯ ಆ ಲೇಖಕರು ಗಾಳ ಹಿಡಿದು ಹೊಳೆಯ ದಡದಲ್ಲಿ ಗಂಟೆಗಟ್ಟಲೆ ಕೂರುತ್ತಿದ್ದುದು ನಿಮ್ಮ ತಂದೆ ತಾಯಿಯರಿಗೆ ಗೊತ್ತಿರುತ್ತದೆ.

ಮೀನು ತಿನ್ನುವ ಮೀನಿಗೆ ಎರೆಹುಳವೇ ಆಗಬೇಕೆಂದಿಲ್ಲ. ತಪ್ಪಿಸಿಕೊಂಡು ಓಡುವ ಸಣ್ಣ ಮೀನಿನಂತೆ ಏನಾದರೂ ಕಂಡರೆ ಅದು ಬೆನ್ನಟ್ಟುತ್ತದೆ. ಅದಕ್ಕೆ ಕೈಯಿಲ್ಲ, ಮುಟ್ಟಿ ನೋಡಬೇಕಾದರೂ ಬಾಯಿಯಿಂದಲೇ. ನಮ್ಮ ಮಲೆನಾಡಿನ ಹಳ್ಳಗಳಲ್ಲಿ ಬೆರಳುದ್ದದ ಸಸಲು ಮೀನುಗಳಿರುತ್ತವೆ. ಅಂಥ ಸಸಲಿನ ವೇಷವನ್ನು ಕೂದಲು, ದಾರಗಳಿಂದ ಗಾಳದ ಮೇಲೆ ಕಟ್ಟುವುದೇ ಈ ವಿದ್ಯೆ. ಇಂಗ್ಲಿಷಿನಲ್ಲಿ ಇದನ್ನು ಸ್ಟ್ರೀಮರ್ ಫ್ಲೈ ಎನ್ನುತ್ತಾರೆ. ಇವುಗಳಲ್ಲಿ ಬಹಳ ಹೆಸರು ಮಾಡಿದ್ದು ಅಮೆರಿಕದ ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ ಅವರದು. ಸಸ್ಕ್ವೆಹನ್ನಾ ನದಿಯ ಬಾಸ್ ಮೀನಿಗಾಗಿ ಅವರು 1987ರಲ್ಲಿ ಕಟ್ಟಿದ ಈ ಮಾದರಿಗೆ ಕ್ಲೌಸರ್ ಡೀಪ್ ಮಿನ್ನೋ ಎಂದು ಹೆಸರು. ಕಟ್ಟಲು ಇಷ್ಟು ಸುಲಭವಾದದ್ದನ್ನು ನಾನು ಬೇರೆ ನೋಡಿಲ್ಲ.

ಕ್ಲೌಸರ್ ಬಳಸಿದ್ದು ಜಿಂಕೆಯ ಬಾಲದ ಕೂದಲು ಮತ್ತು ಸೀಸದ ಕಣ್ಣುಗಳು. ನಮಗೆ ಎರಡೂ ಬೇಡ. ಜಿಂಕೆಯ ಕೂದಲು, ಚರ್ಮಗಳ ವ್ಯಾಪಾರ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸೀಸವೋ, ನೀರಿನಲ್ಲಿ ಕಳೆದುಹೋದರೆ ಅದನ್ನು ನುಂಗಿದ ಹಕ್ಕಿಗೆ ವಿಷ. ಹೊಟ್ಟೆಯ ಬಿಳಿಗೆ ಮೇಕೆಯ ಬಾಲದ ಕೂದಲು ಸಾಕು. ಮಾಂಸದ ಅಂಗಡಿಯಲ್ಲಿ ಕೇಳಿದರೆ ನಗುತ್ತಲೇ ಕೊಡುತ್ತಾರೆ, ಸೋಪಿನಲ್ಲಿ ಎರಡು ಸಲ ತೊಳೆದು ಒಣಗಿಸಿ. ಬೆನ್ನಿನ ಕಪ್ಪಿಗೆ ಜಡೆಗೆ ಹಾಕುವ ನೈಲಾನ್ ಚೌರಿ. ಕೀ ಚೈನುಗಳಲ್ಲಿ ಬರುವ ಮಣಿ ಸರಪಳಿಯಿಂದ ಜೋಡಿ ಮಣಿ ಕತ್ತರಿಸಿದರೆ ಕಣ್ಣು ಸಿದ್ಧ. ಮಿಂಚಿಗೆ ಜರಿ. ಪೈಠಣಿಯ ಊರಿನ ಮಗ್ಗುಲಲ್ಲೇ ಇದ್ದುಕೊಂಡು ಜರಿಗೆ ಬರವೇ? ಆದರೆ ಅಮ್ಮನ ಸೀರೆಯ ಅಂಚಿಗೆ ಕೈ ಹಾಕಬೇಡಿ, ಅಂಗಡಿಯ ಪ್ಲಾಸ್ಟಿಕ್ ಜರಿಯೇ ನೀರಿನಲ್ಲಿ ಹೆಚ್ಚು ಹೊಳೆಯುತ್ತದೆ. ಇನ್ನು ತೆಳ್ಳನೆಯ ಹೊಲಿಗೆ ದಾರ, ಉಗುರಿನ ಬಣ್ಣ, ಒಂದೂವರೆ ಇಂಚಿನ ಉದ್ದ ಕಾಂಡದ ಗಾಳ. ಗಾಳವನ್ನು ಕಚ್ಚಿ ಹಿಡಿಯಲು ಒಂದು ಸಣ್ಣ ವೈಸ್ ಬೇಕು. ಚಿಕಲಠಾಣಾದ ಕಾರ್ಖಾನೆಗಳಲ್ಲಿ ದುಡಿಯುವವರ ಮನೆಗಳಲ್ಲಿ ಅದಕ್ಕೆ ಹುಡುಕಾಡಬೇಕಾಗಿಲ್ಲ.

ಮೊದಲು ಗಾಳದ ತುದಿಯ ಒಳಗಿರುವ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿ. ಮೀನನ್ನು ವಾಪಸು ಬಿಡುವಾಗ ಅದರ ಬಾಯಿ ಹರಿಯುವುದಿಲ್ಲ, ನಿಮ್ಮ ಬೆರಳಿಗೆ ಚುಚ್ಚಿಕೊಂಡರೂ ಸಲೀಸಾಗಿ ಹೊರಬರುತ್ತದೆ. ಮೊನೆ ಕೆಳಗಿರುವಂತೆ ಗಾಳವನ್ನು ವೈಸಿಗೆ ಸಿಕ್ಕಿಸಿ ಕಾಂಡದ ಮೇಲೆ ಒತ್ತಾಗಿ ದಾರ ಸುತ್ತಿ. ದಾರ ಕಟ್ಟುವ ಕಿವಿಯಿಂದ ಮೂರನೇ ಒಂದು ಭಾಗ ಹಿಂದೆ, ಕಾಂಡದ ಮೇಲ್ಭಾಗದಲ್ಲಿ ಜೋಡಿ ಮಣಿಯನ್ನು ಅಡ್ಡಲಾಗಿಟ್ಟು ಇಂಗ್ಲಿಷಿನ 8ರಂತೆ ದಾರ ಹಾಯಿಸಿ ಬಿಗಿಯಿರಿ. ಮೇಲೊಂದು ಹನಿ ಉಗುರಿನ ಬಣ್ಣ. ಬೆಂಕಿಕಡ್ಡಿಯಷ್ಟು ದಪ್ಪದ ಬಿಳಿ ಕೂದಲನ್ನು ಮಣಿಗಳ ಮುಂದೆ ಕಟ್ಟಿ, ಎರಡು ಮಣಿಗಳ ನಡುವಿನಿಂದ ಹಿಂದಕ್ಕೆ ಹಾಯಿಸಿ, ಮಣಿಗಳ ಹಿಂದೆ ಇನ್ನೊಮ್ಮೆ ಸುತ್ತಿ.

ಈಗ ಗಾಳವನ್ನು ತಿರುಗಿಸಿ ಮೊನೆ ಮೇಲಕ್ಕೆ ಮಾಡಿ. ಮಣಿಗಳ ಮುಂದೆಯೇ ಮೊದಲು ನಾಲ್ಕು ಎಳೆ ಜರಿ, ಅದರ ಮೇಲೆ ಚೌರಿಯ ಒಂದು ತೆಳು ಕುಚ್ಚು ಕಟ್ಟಿ. ಚೌರಿಯ ತುದಿಯನ್ನು ಒಂದೇ ಸಮ ಕತ್ತರಿಸದೆ ಓರೆಯಾಗಿ ಚಿವುಟಿದಂತೆ ಕತ್ತರಿಸಿ. ಒಟ್ಟು ಉದ್ದ ಮೂರು ಇಂಚು ಬಂದರೆ ಸರಿ. ತಲೆಯ ಭಾಗಕ್ಕೆ ದಾರ ಸುತ್ತಿ, ನಾಲ್ಕೈದು ಗಂಟು ಹಾಕಿ, ಉಗುರಿನ ಬಣ್ಣ ಬಳಿದು ಒಣಗಲು ಬಿಡಿ. ನೀರಿಗೆ ಬಿದ್ದಾಗ ಮಣಿಗಳ ಭಾರ ಕೆಳಗಾಗಿ ಮೊನೆ ಮೇಲಾಗುತ್ತದೆ, ಕಲ್ಲು ಕಸಕ್ಕೆ ಸಿಕ್ಕಿಕೊಳ್ಳುವುದು ಕಡಿಮೆ.

ನನ್ನ ಮೊದಲ ಸಸಲನ್ನು ನೋಡಿ ನಾನೇ ಬೀಗಿದ್ದೆ, ಅಷ್ಟು ಕೂದಲು ತುಂಬಿದ್ದೆ. ನೀರಿನಲ್ಲಿ ಅದು ಕ್ಷೌರದ ಬ್ರಷ್ಷಿನಂತೆ ತೇಲಿತು, ಯಾವ ಮೀನೂ ತಿರುಗಿ ನೋಡಲಿಲ್ಲ. ಅರ್ಧಕ್ಕಿಂತ ಹೆಚ್ಚು ಕೂದಲು ಕಿತ್ತು ಎಸೆದ ಮೇಲೆ ಅದಕ್ಕೆ ಜೀವ ಬಂತು. ಬೆಳಕಿಗೆ ಹಿಡಿದರೆ ಕೂದಲಿನ ನಡುವಿನಿಂದ ಆಚೆ ಬದಿ ಕಾಣಬೇಕು. ಕೈಯಲ್ಲಿ ಬಡಕಲಾಗಿ ಕಂಡದ್ದೇ ನೀರಿನಲ್ಲಿ ಮೀನಾಗುತ್ತದೆ.

ಫ್ಲೈ ರಾಡ್ ಇಲ್ಲದವರು ಸಾಮಾನ್ಯ ರಾಡಿನಲ್ಲೇ, ಸಸಲಿಗಿಂತ ಎರಡಡಿ ಮೇಲೆ ನೀರು ತುಂಬುವ ಪ್ಲಾಸ್ಟಿಕ್ ಬೆಂಡು ಕಟ್ಟಿ ಎಸೆಯಬಹುದು. ಎಳೆಯುವಾಗ ಒಂದೇ ಸಮ ಎಳೆಯಬೇಡಿ. ಗೇಣುದ್ದ ಜಗ್ಗಿ, ನಿಲ್ಲಿಸಿ, ಮತ್ತೆ ಜಗ್ಗಿ. ನಿಲ್ಲಿಸಿದಾಗ ಅದು ತಲೆ ಕೆಳಗಾಗಿ ಮುಳುಗುತ್ತದಲ್ಲ, ಬಹುಪಾಲು ಮೀನು ಬಾಯಿ ಹಾಕುವುದು ಆಗಲೇ. ಎಲ್ಲಿ ಎಸೆಯಬೇಕು ಎಂಬುದು ಬೇರೆ ಮಾತು. ಪೈಠಣದ ನಾಥಸಾಗರ 1986ರಿಂದ ಪಕ್ಷಿಧಾಮ. ಅರಣ್ಯ ಇಲಾಖೆಯವರನ್ನು ಕೇಳದೆ ಅಲ್ಲಿ ಗಾಳ ಬಿಚ್ಚಬೇಡಿ. ಪರಿಚಯದ ರೈತರ ಕೃಷಿಹೊಂಡವಾದರೆ ಅವರ ಒಂದು ಮಾತು ಸಾಕು.

ಇನ್ನೊಂದು ಸಂಗತಿ ಹೇಳಬೇಕು, ಹೇಳಲು ಸಂಕೋಚವಾದರೂ. ಇಲ್ಲಿನವರು ಮರಳ್ ಎನ್ನುವ ಮೀನನ್ನು ನಮ್ಮ ಕಡೆ ಕೊರವ ಎನ್ನುವುದುಂಟು. ಅದು ಮೊಟ್ಟೆಯಿಟ್ಟು ಹೊರಟುಹೋಗುವ ಜಾತಿಯಲ್ಲ. ಮರಿಗಳು ಕೆಂಪು ಮೋಡದಂತೆ ಗುಂಪಾಗಿ ನೀರಿನ ಮೇಲೆ ಬಂದು ಹೋಗುತ್ತಿದ್ದರೆ ತಂದೆ ತಾಯಿ ಕೆಳಗೆ ಕಾವಲಿರುತ್ತವೆ. ಹತ್ತಿರ ಸುಳಿದ ಯಾವ ಸಣ್ಣ ಮೀನನ್ನೂ ಬಿಡುವುದಿಲ್ಲ. ಒಂದು ಮಳೆಗಾಲದಲ್ಲಿ ಪರಿಚಯದವರೊಬ್ಬರ ಹೊಂಡದಲ್ಲಿ ಅಂಥ ಗುಂಪಿನ ಪಕ್ಕದಲ್ಲೇ ನನ್ನ ಸಸಲನ್ನು ಇಳಿಸಿದೆ. ಎರಡನೆಯ ಜಗ್ಗಿಗೇ ದೊಡ್ಡ ಮೀನು ಬಿತ್ತು. ಹಿರಿ ಹಿರಿ ಹಿಗ್ಗಿ ಮನೆಗೆ ಒಯ್ದೆ. ಮರುವಾರ ಹೋದಾಗ ಹೊಲದ ಅಜ್ಜ ಮರಾಠಿಯಲ್ಲಿ ಹೇಳಿದ್ದು ಇಷ್ಟೇ: "ಅದು ಹಸಿವಿಗೆ ಬಾಯಿ ಹಾಕಲಿಲ್ಲ ಸಾಹೇಬ, ಮಕ್ಕಳಿಗಾಗಿ ಹಾಕಿತು." ಕೆಂಪು ಗುಂಪು ಎಲ್ಲಿಯೂ ಕಾಣಲಿಲ್ಲ.

ಆದ್ದರಿಂದ ಮಳೆಗಾಲದಲ್ಲಿ ಮರಿಗಳ ಗುಂಪು ಕಂಡರೆ ಗಾಳ ಸುತ್ತಿಕೊಂಡು ಆ ದಡ ಬಿಟ್ಟು ನಡೆಯಿರಿ. ಅಲ್ಲಿ ಯಾರು ಎಸೆದರೂ ಮೀನು ಬೀಳುತ್ತದೆ, ಅದರಲ್ಲಿ ನಿಮ್ಮ ಕೈಚಳಕವೇನೂ ಇಲ್ಲ.

ಓದಿ ಅರ್ಥವಾಗದವರಿಗೆ ಮುಂದಿನ ಸಭೆಯಲ್ಲಿ ಊಟದ ನಂತರ ಕಟ್ಟಿ ತೋರಿಸುತ್ತೇನೆ. ವೈಸ್, ಗಾಳ, ಮಣಿ ನಾನು ತರುತ್ತೇನೆ. ಚೌರಿ ನೀವೇ ತನ್ನಿ, ಮನೆಯಲ್ಲಿ ಕೇಳಿಯೇ ತನ್ನಿ.