ನಾಲ್ಕು ದಿನದ ಬೀಟಾ, ಇಪ್ಪತ್ತು ದಿನದ ಡೌನ್‌ಲೋಡ್

2025ರ ಆಗಸ್ಟ್‌ನಲ್ಲಿ ‘ಬ್ಯಾಟಲ್‌ಫೀಲ್ಡ್ 6’ ಎಂಬ ಯುದ್ಧದ ಆಟ ಬಿಡುಗಡೆಗೆ ಮುಂಚೆಯೇ ಎಲ್ಲರಿಗೂ ಪುಕ್ಕಟೆಯಾಗಿ ತೆರೆದುಕೊಂಡಿತು. ಮೊದಲ ಸುತ್ತು ಆಗಸ್ಟ್ 9 ಮತ್ತು 10ರಂದು, ಎರಡನೆಯದು 14ರಿಂದ 17ರವರೆಗೆ. ಪಿಸಿ ಆಟಗಳ ಆನ್‌ಲೈನ್ ಮಳಿಗೆಯಾದ ಸ್ಟೀಮ್ ಒಂದರಲ್ಲೇ, ಒಂದೇ ಹೊತ್ತಿಗೆ ಐದು ಲಕ್ಷಕ್ಕೂ ಹೆಚ್ಚು ಮಂದಿ ಆಡಿದರು. ಇಂಥದೊಂದು ಆಟವನ್ನು ಹನೂರಿನ ಹುಡುಗನೊಬ್ಬ ಮೊಬೈಲಿನ ಹಾಟ್‌ಸ್ಪಾಟ್ ಆನ್ ಮಾಡಿ ಇಳಿಸಿಕೊಳ್ಳಲು ಕೂತನೆನ್ನಿ. ಆಟದ ಗಾತ್ರ 40 ಜಿಬಿ, ಪ್ಲಾನಿನಲ್ಲಿ ಸಿಗುವುದು ದಿನಕ್ಕೆ 2 ಜಿಬಿ ಎಂದಾದರೆ ಪೂರ್ತಿ ಇಳಿಯಲು 20 ದಿನ ಬೇಕು. ನಾಲ್ಕು ದಿನದ ಪುಕ್ಕಟೆ ಸುತ್ತು (ಬೀಟಾ) ಅಷ್ಟರಲ್ಲಿ ಮುಗಿದೇ ಹೋಗಿರುತ್ತದೆ.

ಆಟ ತಾನೇ, ಹೋದರೆ ಹೋಗಲಿ ಎನ್ನಬಹುದು. ಆದರೆ ದೊಡ್ಡ ಕಂಪನಿಯ ಹೊಸ ಆಟಕ್ಕೆ ಈಗ ಮೂರ್ನಾಲ್ಕು ಸಾವಿರ ರೂಪಾಯಿ ತೆರಬೇಕು. ಅಷ್ಟು ಕೊಟ್ಟ ಮೇಲೆ ಅದು ನಮ್ಮೂರಿನ ನೆಟ್‌ನಲ್ಲಿ, ನಮ್ಮ ಮನೆಯ ಕಂಪ್ಯೂಟರಿನಲ್ಲಿ ಸರಿಯಾಗಿ ನಡೆಯುತ್ತದೆಯೇ ಎಂಬುದನ್ನು ಜಾಹೀರಾತು ಹೇಳುವುದಿಲ್ಲ, ಕೊಳ್ಳುವ ಮುಂಚೆ ಪುಕ್ಕಟೆಯಾಗಿ ಆಡಿನೋಡಲು ಕೊಡುವ ತುಣುಕು, ಅಂದರೆ ಡೆಮೊ, ಹೇಳುತ್ತದೆ. ಬೆಂಗಳೂರಿನ ಆಟಗಾರನಿಗೆ ಡೆಮೊ ಎಂದರೆ ಆಟದ ರುಚಿ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕಿನವರಿಗೆ ಅದು ಹಣ ಕೊಡುವ ಮುಂಚಿನ ಪರೀಕ್ಷೆ. ಯಾರಿಗೆ ಅದು ಹೆಚ್ಚು ಬೇಕೋ ಅವರ ಕೈಗೇ ಅದು ಎಟುಕದಿರುವುದು ಇಲ್ಲಿನ ತೊಡಕು.

ಡೆಮೊ ಬೇರೆ, ಬೀಟಾ ಬೇರೆ

ಆಟಗಾರನ ಕಣ್ಣಿನಿಂದಲೇ ಲೋಕ ಕಾಣುವ, ಕೈಯಲ್ಲಿ ಬಂದೂಕಿರುವ ಆಟಗಳಿಗೆ ಫಸ್ಟ್ ಪರ್ಸನ್ ಶೂಟರ್ ಎನ್ನುತ್ತಾರೆ. ಇವುಗಳಿಗೂ ಪುಕ್ಕಟೆ ಹಂಚಿಕೆಗೂ ಹಳೆಯ ನಂಟು. 1993ರ ಡಿಸೆಂಬರ್ 10ರಂದು ಹೊರಬಂದ ‘ಡೂಮ್’ ತನ್ನ ಮೂರು ಭಾಗಗಳಲ್ಲಿ ಮೊದಲನೆಯದನ್ನು ಉಚಿತವಾಗಿಯೇ ಹಂಚಿತು. ಆಫೀಸು, ಕಾಲೇಜುಗಳ ಒಳಜಾಲದಲ್ಲಿ ನಾಲ್ವರು ಸೇರಿ ಆಡಬಹುದಿತ್ತು. ಆಗ ಅದು ಜಾಲದಲ್ಲಿದ್ದ ಎಲ್ಲ ಕಂಪ್ಯೂಟರುಗಳಿಗೂ ಸಂದೇಶ ಎರಚುತ್ತಿದ್ದರಿಂದ ಕೆಲವು ಕಡೆ ಜಾಲವೇ ಕಟ್ಟಿಕೊಂಡು, ಆಟವನ್ನು ನಿಷೇಧಿಸುವಂತಾಯಿತು. ಹಲವರು ಕೂಡಿ ಆಡುವ ಆಟದ ನಿಜವಾದ ಸಮಸ್ಯೆ ಬಂದೂಕಿನದಲ್ಲ, ತಂತಿಯದು ಎಂಬುದು ಅಂದೇ ಗೊತ್ತಾಗಿತ್ತು.

ನಮ್ಮಲ್ಲಿ ಡೆಮೊಗಳು ಒಂದು ಕಾಲಕ್ಕೆ ‘ಡಿಜಿಟ್’ನಂಥ ಪತ್ರಿಕೆಗಳ ಜೊತೆಗಿನ ಸಿ.ಡಿ.ಯಲ್ಲಿ ಬರುತ್ತಿದ್ದವು. ಸೈಬರ್ ಕೆಫೆಯಲ್ಲಿ ಸಾಲಾಗಿ ಕೂತು ‘ಕೌಂಟರ್ ಸ್ಟ್ರೈಕ್’ ಆಡಿದವರಿಗೆ ನೆಟ್ ಬೇಕಿರಲಿಲ್ಲ, ಅಕ್ಕಪಕ್ಕದ ಕಂಪ್ಯೂಟರುಗಳನ್ನು ಬೆಸೆದ ಕೇಬಲ್ ಸಾಕಿತ್ತು. ಈಗ ಎದುರಾಳಿ ಬೇರೆ ರಾಜ್ಯದಲ್ಲಿರುತ್ತಾನೆ, ಪಂದ್ಯ ನಡೆಯುವುದು ಕಂಪನಿಯ ಸರ್ವರ್‌ನಲ್ಲಿ.

ಇವತ್ತು ‘ಪುಕ್ಕಟೆ’ ಎಂಬ ಹೆಸರಿನಲ್ಲಿ ಮೂರು ಬಗೆ ಸಿಗುತ್ತವೆ. ಆಟದ ಒಂದು ತುಣುಕನ್ನು ಸದಾ ಸಿಗುವಂತೆ ಇಟ್ಟರೆ ಅದು ಡೆಮೊ. ಬಿಡುಗಡೆಗೆ ಮುಂಚೆ ಕೆಲವೇ ದಿನ ತೆರೆದು ಮುಚ್ಚಿದರೆ ಬೀಟಾ. ಅಲ್ಲಿ ಆಟಗಾರ ಆಟವನ್ನು ಪರೀಕ್ಷಿಸುತ್ತಾನೆ, ಕಂಪನಿ ಆಟಗಾರರ ದಟ್ಟಣೆಯಿಂದ ತನ್ನ ಸರ್ವರನ್ನು ಪರೀಕ್ಷಿಸಿಕೊಳ್ಳುತ್ತದೆ. ಮೂರನೆಯದು ‘ವಾಲರಂಟ್’ ಥರದ, ಪೂರ್ತಿ ಉಚಿತವಾಗಿದ್ದು ಉಡುಗೆತೊಡುಗೆ, ಬಂದೂಕಿನ ಅಲಂಕಾರ ಮಾರಿ ಹಣ ಮಾಡುವ ಆಟ. ಮನೆಯವರು ‘ಇದು ಉಚಿತವೇ?’ ಎಂದು ಕೇಳುವುದರ ಜೊತೆಗೆ ‘ಇದು ಮೂರರಲ್ಲಿ ಯಾವುದು?’ ಎಂದೂ ಕೇಳಬೇಕು.

ವೇಗವಲ್ಲ, ದೂರ

ನೆಟ್ ಕಂಪನಿಯವರು ಹೇಳುವುದು ವೇಗದ ಲೆಕ್ಕ: 50 ಎಂಬಿಪಿಎಸ್, 100 ಎಂಬಿಪಿಎಸ್. ಆಟ ಇಳಿಸಲು ಅದು ಮುಖ್ಯ. 40 ಜಿಬಿ ಇಳಿಯಲು 20 ಎಂಬಿಪಿಎಸ್‌ನಲ್ಲಿ ಸುಮಾರು ನಾಲ್ಕೂವರೆ ಗಂಟೆ, 100ರಲ್ಲಿ ಒಂದು ಗಂಟೆಯೊಳಗೆ ಸಾಕು. ಆಡುವಾಗ ಮಾತ್ರ ಈ ವೇಗ ಬಹುಪಾಲು ಕೆಲಸಕ್ಕೆ ಬರುವುದಿಲ್ಲ. ಒಂದು ಗಂಟೆಯ ಆಟಕ್ಕೆ ಸಾಮಾನ್ಯವಾಗಿ ಖರ್ಚಾಗುವುದು ಕೆಲವು ನೂರು ಎಂಬಿ ಮಾತ್ರ, ಸಿನಿಮಾ ನೋಡುವುದಕ್ಕಿಂತ ಕಡಿಮೆ.

ಆಡುವಾಗ ಬೇಕಾದದ್ದು ಪಿಂಗ್ ಕಡಿಮೆ ಇರುವುದು. ನಿಮ್ಮ ಕಂಪ್ಯೂಟರಿನಿಂದ ಹೊರಟ ಸಂದೇಶ ಸರ್ವರ್ ಮುಟ್ಟಿ ಉತ್ತರ ತರಲು ಹಿಡಿಯುವ ಹೊತ್ತೇ ಪಿಂಗ್. ಅದನ್ನು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದ ಲೆಕ್ಕದಲ್ಲಿ, ಅಂದರೆ ಮಿಲಿಸೆಕೆಂಡಿನಲ್ಲಿ ಅಳೆಯುತ್ತಾರೆ. ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ದೊಡ್ಡ ಬಸ್ಸು ಬಿಟ್ಟರೆ ಒಂದೇ ಸಲಕ್ಕೆ ಹೆಚ್ಚು ಜನ ಹೋಗಬಹುದು, ಆದರೆ ಘಾಟಿಯ ತಿರುವುಗಳಲ್ಲಿ ಬೇಗ ತಲುಪುವುದಿಲ್ಲ. ಎಂಬಿಪಿಎಸ್ ಎಂದರೆ ಬಸ್ಸಿನ ಗಾತ್ರ, ಪಿಂಗ್ ಎಂದರೆ ಹೋಗಿಬರುವ ಹೊತ್ತು.

ಈ ಹೊತ್ತಿಗೆ ಭೌತಶಾಸ್ತ್ರದ ಮಿತಿಯೊಂದಿದೆ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ., ಅಂದರೆ ಮಿಲಿಸೆಕೆಂಡಿಗೆ 200 ಕಿ.ಮೀ. ಸಾಗುತ್ತದೆ. ಕೊಳ್ಳೇಗಾಲದಿಂದ ನೇರ ಗೆರೆ ಎಳೆದರೆ ಚೆನ್ನೈ ಸುಮಾರು 360 ಕಿ.ಮೀ., ಮುಂಬಯಿ 900, ಸಿಂಗಪುರ 3,200. ಹೋಗಿಬರಲು ಅತಿ ಕಡಿಮೆ ಎಂದರೂ ಕ್ರಮವಾಗಿ 4, 9 ಮತ್ತು 32 ಮಿಲಿಸೆಕೆಂಡು ಬೇಕು. ತಂತಿ ನೇರವಾಗಿ ಹಾಯುವುದಿಲ್ಲ, ನಡುವೆ ಹತ್ತಾರು ಕಡೆ ದಾರಿ ಬದಲಿಸುತ್ತದೆ. ಹಾಗಾಗಿ ನಿಜದ ಅಂಕಿ ಇದರ ಕೆಲವು ಪಟ್ಟು. ‘ಕೌಂಟರ್ ಸ್ಟ್ರೈಕ್’ಗೆ ಮುಂಬಯಿ, ಚೆನ್ನೈಗಳಲ್ಲಿ, ‘ವಾಲರಂಟ್’ಗೆ ಮುಂಬಯಿಯಲ್ಲಿ ಸರ್ವರ್ ಇದೆ. ಭಾರತದಲ್ಲಿ ಸರ್ವರ್ ಇಡದ ಆಟವಾದರೆ ನಮ್ಮ ಹುಡುಗರ ಸಂದೇಶ ಸಿಂಗಪುರಕ್ಕೋ ಇನ್ನೂ ದೂರಕ್ಕೋ ಓಡಬೇಕು. ಎಂಥ ದುಬಾರಿ ಪ್ಲಾನ್ ಹಾಕಿಸಿದರೂ ಆ ದೂರ ಕುಗ್ಗದು.

ಗೋಡೆಯ ಹಿಂದೆ ಸಾಯುವುದು ಹೇಗೆ

ಈ ದೂರವನ್ನು ಮರೆಮಾಚಲು ಆಟದ ತಂತ್ರಜ್ಞರು ಎರಡು ಉಪಾಯ ಕಂಡುಕೊಂಡರು. 1996ರ ಕೊನೆಗೆ ಬಂದ ‘ಕ್ವೇಕ್‌ವರ್ಲ್ಡ್’ನಲ್ಲಿ ಜಾನ್ ಕಾರ್ಮ್ಯಾಕ್ ತಂದದ್ದು ಮುನ್ನಂದಾಜು: ಸರ್ವರ್‌ನ ಉತ್ತರಕ್ಕೆ ಕಾಯದೆ ನಿಮ್ಮ ಕಂಪ್ಯೂಟರೇ ನಿಮ್ಮ ಹೆಜ್ಜೆಯನ್ನು ಪರದೆಯ ಮೇಲೆ ಇಟ್ಟುಬಿಡುತ್ತದೆ, ಅಂದಾಜು ತಪ್ಪಿದ್ದರೆ ಆಮೇಲೆ ತಿದ್ದಿಕೊಳ್ಳುತ್ತದೆ. ಓಡುತ್ತಿದ್ದವನು ಇದ್ದಕ್ಕಿದ್ದಂತೆ ಹಿಂದಕ್ಕೆ ಜಗ್ಗಿದಂತಾಗುವುದು ಈ ತಿದ್ದುಪಡಿಯಿಂದಲೇ.

ಎರಡನೆಯದನ್ನು ವಾಲ್ವ್ ಕಂಪನಿಯ ಯಾನ್ ಬರ್ನಿಯರ್ 2001ರ ಪ್ರಬಂಧದಲ್ಲಿ ವಿವರಿಸಿದ್ದಾರೆ. ಸರ್ವರ್ ಎಲ್ಲ ಆಟಗಾರರೂ ಸ್ವಲ್ಪ ಹೊತ್ತಿನ ಮುಂಚೆ ಎಲ್ಲೆಲ್ಲಿದ್ದರು ಎಂಬುದನ್ನು ನೆನಪಿಟ್ಟುಕೊಳ್ಳುತ್ತದೆ. ಯಾರಾದರೂ ಗುಂಡು ಹಾರಿಸಿದರೆ ಕಾಲವನ್ನು ತುಸು ಹಿಂದಕ್ಕೆ ಓಡಿಸಿ, ಹೊಡೆದವನ ಪರದೆಯಲ್ಲಿ ಆಗ ಏನು ಕಂಡಿತ್ತೋ ಅದರ ಮೇಲೆ ತೀರ್ಪು ಕೊಡುತ್ತದೆ. ಹೊಡೆದವನಿಗೆ ಇದು ನ್ಯಾಯ. ಹೊಡೆಸಿಕೊಂಡವನ ಪರದೆಯಲ್ಲಿ ಮಾತ್ರ ಅವನು ಆಗಲೇ ಗೋಡೆಯ ಹಿಂದೆ ಸರಿದಿರುತ್ತಾನೆ, ಆದರೂ ಸಾಯುತ್ತಾನೆ. ಇಂಥ ಎಲ್ಲ ಸಾವೂ ಮೋಸವಲ್ಲ, ಬಹುಪಾಲು ಎರಡು ಊರುಗಳ ಗಡಿಯಾರಗಳ ನಡುವಿನ ರಾಜಿ.

ಈ ರಾಜಿ ಸುಸೂತ್ರವಾಗಿ ನಡೆಯಬೇಕಾದರೆ ಪಿಂಗ್ ಒಂದೇ ಮಟ್ಟದಲ್ಲಿರಬೇಕು. ಸ್ಥಿರವಾದ 70 ಮಿಲಿಸೆಕೆಂಡಿಗೆ ಕೈ ಒಗ್ಗಿಕೊಳ್ಳುತ್ತದೆ. 30ಕ್ಕೂ 200ಕ್ಕೂ ನಡುವೆ ಕುಣಿಯುವ ಪಿಂಗ್‌ಗೆ ಒಗ್ಗುವುದಿಲ್ಲ. ಟವರ್ ದೂರವಿದ್ದು ಸಿಗ್ನಲ್ ಕುಂದಿದ ಕಡೆ, ಒಂದೇ ಟವರಿಗೆ ಊರೆಲ್ಲ ನೇತುಬಿದ್ದ ಕಡೆ ಇಂಥ ಕುಣಿತ ಸಹಜ. ಕೊಳ್ಳೇಗಾಲ ಪಟ್ಟಣದ ಫೈಬರ್ ಮನೆಗೂ ಹನೂರು ತಾಲ್ಲೂಕಿನ ಕಾಡಂಚಿನ ಊರಿಗೂ ಇರುವ ವ್ಯತ್ಯಾಸ ಇದು. ಮಲೆ ಮಹದೇಶ್ವರ ಬೆಟ್ಟದ, ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಒಳಭಾಗಗಳಲ್ಲಿ ಫೋನಿಗೇ ಸಿಗ್ನಲ್ ಸಿಗದ ಜಾಗಗಳಿವೆ; ಅಲ್ಲಿ ಪಿಂಗ್‌ನ ಮಾತೇ ಏಳುವುದಿಲ್ಲ. ಪಂಚಾಯಿತಿ ಪಂಚಾಯಿತಿಗೂ ಫೈಬರ್ ಮುಟ್ಟಿಸುವ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ, ಈಗಿನ ಹೆಸರು ಭಾರತ್‌ನೆಟ್. ಪಂಚಾಯಿತಿ ಕಚೇರಿಗೆ ಬಂದ ಫೈಬರ್ ಪಕ್ಕದ ಬೀದಿಯ ಮನೆಗೆ ಬಂದಂತಲ್ಲ.

ಕಂಪ್ಯೂಟರಿನ ಒಳಗೆ ಯಾರು

ಡೆಮೊ ಪರೀಕ್ಷಿಸುವ ಇನ್ನೊಂದು ವಸ್ತು ಯಂತ್ರ. ‘ಬ್ಯಾಟಲ್‌ಫೀಲ್ಡ್ 6’ಗೆ ಕನಿಷ್ಠ 16 ಜಿಬಿ ರ‍್ಯಾಮ್, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕು, ಜೊತೆಗೆ ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆ ಚಾಲೂ ಇರಬೇಕು. ಅದನ್ನು ಚಾಲೂ ಮಾಡಲು ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಮುಟ್ಟಬೇಕಾಗುತ್ತದೆ. ಗೊತ್ತಿಲ್ಲದವರು ರಿಪೇರಿಯವರ ಕೈಯಲ್ಲಿ ಮಾಡಿಸುವುದು ಒಳ್ಳೆಯದು. ಮೋಸ ತಡೆಯಲು ‘ವಾಲರಂಟ್’ ಹಾಕುವ ವ್ಯಾನ್‌ಗಾರ್ಡ್ ಎಂಬ ಕಾವಲು ತಂತ್ರಾಂಶ ವಿಂಡೋಸ್‌ನ ತೀರ ಒಳಪದರದಲ್ಲಿ, ಕಂಪ್ಯೂಟರ್ ಆನ್ ಆದಾಗಿನಿಂದಲೇ ಕೂತಿರುತ್ತದೆ. ರೇಷ್ಮೆ ಅಂಗಡಿಯ ಲೆಕ್ಕ, ಬ್ಯಾಂಕ್ ವ್ಯವಹಾರ ನಡೆಯುವ ಕಂಪ್ಯೂಟರಿನಲ್ಲೇ ಮಗ ಆಟ ಹಾಕುವುದಾದರೆ ಅಪ್ಪನಿಗೆ ಇದು ತಿಳಿದಿರಬೇಕು. ಆಟ ತೆಗೆದುಹಾಕಿದಾಗ ಕಾವಲು ತಂತ್ರಾಂಶವೂ ಹೋಗಿದೆಯೇ ಎಂದು ನೋಡಿಕೊಳ್ಳಬೇಕು.

ಮನೆಯವರ ಇನ್ನೊಂದು ಭಯ ಕಾನೂನಿನದು. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾದದ್ದು ದತ್ತಾಂಶ ಸುರಕ್ಷತೆಯ ಹೆಸರಿನಲ್ಲಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸುವುದು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು. ಇ-ಸ್ಪೋರ್ಟ್ಸ್‌ಗೆ ಅದೇ ಕಾಯ್ದೆ ಮಾನ್ಯತೆ ಕೊಡುತ್ತದೆ. ದುಡ್ಡು ಕೊಟ್ಟು ಕೊಂಡು ಆಡುವ ಶೂಟರ್‌ಗೂ ರಮ್ಮಿಗೂ ಕಾನೂನಿನ ಕಣ್ಣಿನಲ್ಲಿ ವ್ಯತ್ಯಾಸವಿದೆ. ವಯಸ್ಸಿಗೆ ತಕ್ಕ ಆಟವೇ, ಹೆಡ್‌ಫೋನಿನಲ್ಲಿ ಮಾತಾಡುವ ಅಪರಿಚಿತರು ಯಾರು ಎಂಬ ಪ್ರಶ್ನೆಗಳನ್ನು ಕಾಯ್ದೆ ಮನೆಯವರ ಪರವಾಗಿ ಕೇಳುವುದಿಲ್ಲ.

ಏನು ಮಾಡಬಹುದು

ಒಬ್ಬರು ಇಳಿಸಿದ ಪುಕ್ಕಟೆ ಆಟವನ್ನು ಹತ್ತು ಜನ ಬಳಸುವ ದಾರಿಯಿದೆ. 2023ರಿಂದ ಸ್ಟೀಮ್‌ನಲ್ಲಿ ಒಂದೇ ಮನೆಯ ಜಾಲದೊಳಗೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಆಟ ವರ್ಗಾಯಿಸಬಹುದು; ಹಾರ್ಡ್ ಡಿಸ್ಕಿಗೆ ಬ್ಯಾಕಪ್ ತೆಗೆಯುವ ಸೌಕರ್ಯ ಮುಂಚಿನಿಂದಲೂ ಇದೆ. ಕೊಳ್ಳೇಗಾಲದ ಫೈಬರ್ ಮನೆಯಲ್ಲಿ ಇಳಿದದ್ದು ಸಂಜೆಯ ಬಸ್ಸಿನಲ್ಲಿ ಹನೂರು ತಲುಪಿದರೆ 20 ದಿನದ ಕೆಲಸ ಒಂದು ದಿನಕ್ಕೆ ಮುಗಿಯುತ್ತದೆ. ಇಳಿಸಿದ ಮೇಲೆ ಪರೀಕ್ಷೆಯನ್ನು ಬೆಳಗಿನ ಜಾವ ಮಾಡಬೇಡಿ. ನೀವು ದಿನಾ ಆಡುವ ಹೊತ್ತಿಗೆ, ಊರೆಲ್ಲ ಮೊಬೈಲ್ ಹಿಡಿದ ರಾತ್ರಿ ಎಂಟರ ಮೇಲೆ ಮಾಡಿ. ಡೆಮೊ ಸಿಗದಿದ್ದರೆ ಸ್ಟೀಮ್‌ನ ಹಣ ವಾಪಸಿ ನಿಯಮ ನೆನಪಿಡಿ: ಕೊಂಡು 14 ದಿನದೊಳಗೆ, ಆಡಿದ ಹೊತ್ತು ಎರಡು ಗಂಟೆಗಿಂತ ಕಡಿಮೆಯಿದ್ದಾಗ ಕೇಳಿದರೆ ಹಣ ಹಿಂದಿರುಗುತ್ತದೆ.

ಆದರೆ ಹೊಣೆಯನ್ನೆಲ್ಲ ಆಟಗಾರನ ಮೇಲೆ ಹೊರಿಸಬಾರದು. ಬೀಟಾದ ದಿನಗಳಲ್ಲಿ ಕಂಪನಿ ನೋಡುವುದು ಯಾವ ಸೀಮೆಯಿಂದ ಎಷ್ಟು ಜನ ಬಂದರು ಎಂಬುದನ್ನೂ. ಡೌನ್‌ಲೋಡ್ ಮುಗಿಯುವ ಮುಂಚೆಯೇ ಬಾಗಿಲು ಮುಚ್ಚಿಸಿಕೊಂಡವರು ಆ ಲೆಕ್ಕದಲ್ಲಿ ಇರುವುದೇ ಇಲ್ಲ. ಒಂದೇ ನಕ್ಷೆಯ, ಕೆಲವೇ ಜಿಬಿ ಗಾತ್ರದ, ತಿಂಗಳುಗಟ್ಟಲೆ ತೆರೆದಿರುವ ಡೆಮೊ ಕೊಡುವುದು, ಸರ್ವರ್ ಯಾವ ಊರಿನಲ್ಲಿದೆ ಎಂದು ಮಳಿಗೆಯ ಪುಟದಲ್ಲೇ ಬರೆಯುವುದು ಅವರಿಗೆ ದೊಡ್ಡ ಖರ್ಚಲ್ಲ. ಅಷ್ಟನ್ನೂ ಮಾಡದ ಆಟಕ್ಕೆ ಬಿಡುಗಡೆಯ ದಿನವೇ ಮೂರ್ನಾಲ್ಕು ಸಾವಿರ ಸುರಿಯುವ ಅವಸರ ಈ ಮೂರು ತಾಲ್ಲೂಕಿನ ಯಾರಿಗೂ ಬೇಡ.