ಮಾತ್ರೆ ನಿಲ್ಲಿಸುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು?



ಮದ್ದಿಲ್ಲದ ಕಾಯಿಲೆಯಿಂದ ಮನುಷ್ಯ ಸತ್ತರೆ ದೈವೇಚ್ಛೆ ಎಂದು ಸಮಾಧಾನ ಪಟ್ಟುಕೊಳ್ಳಬಹುದು. ಮದ್ದು ಮನೆಯ ಗೂಡಿನಲ್ಲೇ ಇದ್ದು, ಅದನ್ನು ನುಂಗಲು ಮನೆಯವರೇ ಬಿಡದೆ ಮನುಷ್ಯ ಸತ್ತರೆ ಅದಕ್ಕೆ ಏನೆಂದು ಹೆಸರಿಡೋಣ? ಲೂಪಸ್ ಎಂಬ ಕಾಯಿಲೆಯ ವಿಷಯದಲ್ಲಿ ನಮ್ಮ ಅನೇಕ ಕುಟುಂಬಗಳು ನಡೆದುಕೊಳ್ಳುವ ರೀತಿಯನ್ನು ನೋಡಿದಾಗ ಈ ಪ್ರಶ್ನೆಯನ್ನು ಕೇಳದೆ ವಿಧಿಯಿಲ್ಲ. ಮಾತು ಕಟುವೆನಿಸಿದರೂ ದಯವಿಟ್ಟು ಕೊನೆಯವರೆಗೆ ಓದಿರಿ.

ಲೂಪಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ಆದರೆ ಇದು ಹೊರಗಿನಿಂದ ಮಂದೆಗೆ ನುಗ್ಗುವ ತೋಳವಲ್ಲ. ರೋಗಾಣುಗಳಿಂದ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಸ್ವಂತ ಚರ್ಮ, ಕೀಲು, ಮೂತ್ರಪಿಂಡ, ಹೃದಯ, ಶ್ವಾಸಕೋಶ, ಮಿದುಳುಗಳ ಮೇಲೆ ಎರಗುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸ್ತ್ರೀಯರು. ಹೆಚ್ಚಿನವರಿಗೆ 15ರಿಂದ 45ರ ವಯಸ್ಸಿನೊಳಗೆ, ಅಂದರೆ ಓದುವ, ಮದುವೆಯಾಗುವ, ಮಕ್ಕಳನ್ನು ಹೆರುವ ಕಾಲದಲ್ಲೇ ಇದು ಕಾಣಿಸಿಕೊಳ್ಳುತ್ತದೆ. ಇದು ಅಂಟುರೋಗವಲ್ಲ. ಬೇರುಸಹಿತ ಕೀಳುವ ಮದ್ದು ನಮ್ಮ ಕೈಗೆ ಇನ್ನೂ ಬಂದಿಲ್ಲ. ಹಿಡಿತದಲ್ಲಿಡುವ ಮದ್ದು ಬಂದಿದೆ. 1950ರ ದಶಕದಲ್ಲಿ ಈ ರೋಗ ಪತ್ತೆಯಾದವರಲ್ಲಿ ಸುಮಾರು ಅರ್ಧದಷ್ಟು ಮಂದಿ ನಾಲ್ಕೈದು ವರ್ಷಗಳೊಳಗೆ ತೀರಿಕೊಳ್ಳುತ್ತಿದ್ದರು. ಇಂದು ಸರಿಯಾದ ಚಿಕಿತ್ಸೆ ದೊರೆತವರಲ್ಲಿ ಬಹುಪಾಲು ಮಂದಿ ದಶಕಗಟ್ಟಲೆ ಬದುಕುತ್ತಾರೆ, ದುಡಿಯುತ್ತಾರೆ, ತಾಯಂದಿರಾಗುತ್ತಾರೆ. ಆದರೆ ಇದು ಪ್ರತಿದಿನದ ಶಿಸ್ತಿನಿಂದ ಮಾತ್ರ ಸಾಧ್ಯ. ಆ ಶಿಸ್ತು ರೋಗಿಯೊಬ್ಬಳದೇ ಅಲ್ಲ, ಇಡೀ ಮನೆಯದು. ಅದನ್ನು ಮುರಿಯುತ್ತಿರುವವರು ನಾವು.

ಬಿಸಿಲು ಮತ್ತು 'ಅಮ್ಮ'

ಚಳ್ಳಕೆರೆ, ಮೊಳಕಾಲ್ಮೂರು ಸೀಮೆ ನಾಡಿನಲ್ಲೇ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಶೇಂಗಾ ಹೊಲದಲ್ಲಿ ಕಳೆ ಕೀಳುವುದು, ಗಿಡ ಕಿತ್ತು ಒಡ್ಡುವುದು, ಕುರಿ ಮೇಯಿಸುವುದು, ಎಲ್ಲವೂ ನೆತ್ತಿ ಸುಡುವ ಬಿಸಿಲಿನಲ್ಲೇ ನಡೆಯಬೇಕು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣವೋ ಲೂಪಸನ್ನು ಕೆರಳಿಸುವ ಮುಖ್ಯ ಕಾರಣಗಳಲ್ಲೊಂದು. ಕೆನ್ನೆ ಮೂಗುಗಳ ಮೇಲೆ ಚಿಟ್ಟೆಯ ರೆಕ್ಕೆಯಂತೆ ಕೆಂಪು ಹರಡುತ್ತದೆ, ಜ್ವರ ಏರುತ್ತದೆ, ಕೀಲುಗಳು ಊದುತ್ತವೆ.

ಮೈಮೇಲೆ ಏನು ಕೆಂಪಾಗಿ ಎದ್ದರೂ 'ಅಮ್ಮ' ಎನ್ನುವುದು ನಮ್ಮ ಹಳ್ಳಿಗಳ ಹಳೆಯ ವಾಡಿಕೆ. ಶ್ರಾವಣ ಕಳೆದು ಭಾದ್ರಪದ ಬಂದಾಗ ಗೌರಸಮುದ್ರದ ಮಾರಮ್ಮನ ಜಾತ್ರೆಗೆ ನಮ್ಮ ನಾಡಿನಿಂದಲೂ ನೆರೆಯ ಆಂಧ್ರದಿಂದಲೂ ಜನಸಾಗರ ಸೇರುತ್ತದೆ. ಯಾರ ಭಕ್ತಿಯನ್ನೂ ಹಳಿಯುವುದು ಈ ಬರಹದ ಉದ್ದೇಶವಲ್ಲ. ಭಕ್ತಿಗೂ ಮದ್ದಿಗೂ ವೈರವಿಲ್ಲವೆಂಬುದಕ್ಕೆ ಆ ನೆಲವೇ ಸಾಕ್ಷಿ. ಒಂದು ಕಾಲದಲ್ಲಿ ಊರೂರನ್ನು ಬರಿದು ಮಾಡಿದ ಸಿಡುಬನ್ನು ಲಸಿಕೆ ಓಡಿಸಿತು. 1975ರ ಬಳಿಕ ಭಾರತದಲ್ಲಿ ಸಿಡುಬು ಕಾಣಿಸಲಿಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದು ಭೂಮಿಯಿಂದಲೇ ತೊಲಗಿತೆಂದು ಸಾರಿತು. ಜಾತ್ರೆ ನಿಂತಿಲ್ಲ, ಸಿಡುಬು ನಿಂತಿತು. ಹರಕೆ ತೀರಿಸಲು ಹೋಗುವವಳು ಕೊಡೆ ಹಿಡಿದು, ಮಾತ್ರೆ ನುಂಗಿ ಹೋದರೆ ಯಾವ ದೇವರೂ ಮುನಿಯುವುದಿಲ್ಲ.

ನೆರೆಯವರ ಕಣ್ಣಿನ ಕಸವನ್ನು ತೋರಿಸುವ ಮುನ್ನ ನಮ್ಮ ಕಣ್ಣಿನ ತೊಲೆಯನ್ನು ನೋಡಿಕೊಳ್ಳೋಣ. ನೊವೆನಾ ಮುಗಿಸಿ, "ಇನ್ನು ಮಾತ್ರೆ ನುಂಗಿದರೆ ಅವಿಶ್ವಾಸವಾಗುತ್ತದೆ" ಎಂದು ಡಬ್ಬಿಯನ್ನು ಎತ್ತಿಟ್ಟವರು ನಮ್ಮಲ್ಲಿಲ್ಲವೇ? ಇದು ವಿಶ್ವಾಸವಲ್ಲ, ದೇವರನ್ನು ಪರೀಕ್ಷಿಸುವ ದುಸ್ಸಾಹಸ. ವೈದ್ಯನನ್ನು ಗೌರವಿಸಬೇಕು, ಮದ್ದನ್ನು ಭೂಮಿಯಿಂದ ಹುಟ್ಟಿಸಿದವನು ದೇವರೇ ಎಂದು ಸಿರಾಖನ ಗ್ರಂಥದ 38ನೆಯ ಅಧ್ಯಾಯ ಬೋಧಿಸುತ್ತದೆ. "ಯಾರ ಪಾಪದಿಂದ ಬಂತೋ" ಎಂದು ರೋಗಿಯ ಬೆನ್ನ ಹಿಂದೆ ಪಿಸುಗುಟ್ಟುವವರು ಯೊವಾನ್ನನ ಶುಭಸಂದೇಶದ 9ನೆಯ ಅಧ್ಯಾಯವನ್ನು ಮತ್ತೊಮ್ಮೆ ತೆರೆಯಲಿ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಕೇಳಿದ ಇದೇ ಪ್ರಶ್ನೆಯನ್ನು ಪ್ರಭು ಯೇಸು ತಳ್ಳಿಹಾಕಿದ್ದಾರೆ. ಬಲಿಪೂಜೆಗೆ ಮುನ್ನ ಮಾತ್ರೆ ನುಂಗಬಹುದೇ ಎಂಬ ಅಳುಕೂ ಬೇಡ. ನೀರೂ ಔಷಧವೂ ಪರಮಪ್ರಸಾದದ ಉಪವಾಸವನ್ನು ಮುರಿಯುವುದಿಲ್ಲ. ರೋಗಿಗಳು ಒಂದು ಗಂಟೆಯೊಳಗೆ ಆಹಾರ ಸೇವಿಸಿದ್ದರೂ ಪ್ರಸಾದ ಸ್ವೀಕರಿಸಬಹುದು. 1983ರ ಧರ್ಮಸಭಾ ಕಾನೂನು ಸಂಹಿತೆಯ 919ನೆಯ ವಿಧಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಧರ್ಮಸಭೆಯೇ ಕೊಟ್ಟ ಅನುಮತಿಯನ್ನು ಕಸಿಯಲು ನಾವು ಯಾರು?

ಸೋಮಾರಿತನವೆಂಬ ಆಪಾದನೆ

ಲೂಪಸ್ ರೋಗಿಯ ದೊಡ್ಡ ಕಷ್ಟವೆಂದರೆ ಅನೇಕ ದಿನ ಆಕೆ ರೋಗಿಯಂತೆ ಕಾಣುವುದೇ ಇಲ್ಲ. ಸ್ಟೀರಾಯ್ಡ್ ಮಾತ್ರೆಯಿಂದ ಮುಖ ದುಂಡಗಾದರೆ "ತಿಂದುಂಡು ಗುಂಡಗಿದ್ದಾಳೆ" ಎನ್ನುತ್ತೇವೆ. ಮುಂಜಾನೆ ಬೆರಳು ಮಡಚಲಾಗದಷ್ಟು ಕೀಲು ಬಿಗಿದಿರುವುದು ಯಾರ ಕಣ್ಣಿಗೂ ಬೀಳದು. ರಾತ್ರಿಯಿಡೀ ಮಲಗಿದರೂ ಹೋಗದ ದಣಿವನ್ನು ತೂಗುವ ತಕ್ಕಡಿ ಇಲ್ಲ. ನಿನ್ನೆ ರೊಟ್ಟಿ ತಟ್ಟಿದವಳು ಇಂದು ಏಕೆ ಏಳುತ್ತಿಲ್ಲ ಎಂದು ಅತ್ತೆ ಕೇಳುತ್ತಾಳೆ, ಗಂಡ ಗದರುತ್ತಾನೆ. ರೋಗದ ಸ್ವಭಾವವೇ ಹಾಗೆ: ಕೆಲವು ಕಾಲ ಅಡಗಿರುತ್ತದೆ, ಮತ್ತೆ ಕೆರಳುತ್ತದೆ. ಅದು ಮಿದುಳಿಗೆ ತಾಗಿ ಆಕೆ ಅಸಂಬದ್ಧವಾಗಿ ಮಾತನಾಡಿದರೆ, ಇಲ್ಲವೇ ಅಪಸ್ಮಾರ ಬಂದರೆ, ಗಾಳಿ ಸೋಂಕಿತೆಂದು ಮಂತ್ರ ಹಾಕಿಸಲು ಒಯ್ಯುತ್ತೇವೆ. ಅಮೂಲ್ಯವಾದ ದಿನಗಳು ಹೀಗೆ ಕಳೆದುಹೋಗುತ್ತವೆ.

ಮದ್ದಿನ ವಿಷಯ

ಹೈಡ್ರಾಕ್ಸಿಕ್ಲೋರೋಕ್ವಿನ್ ಈ ಚಿಕಿತ್ಸೆಯ ಬುನಾದಿ. ರೋಗ ಅಡಗಿರುವಾಗಲೂ ಇದನ್ನು ನಿಲ್ಲಿಸಬಾರದು, ಅಡಗಿರುವುದೇ ಇದರಿಂದ. ಅನೇಕ ವರ್ಷ ಸೇವಿಸುವವರ ಕಣ್ಣಿನ ಅಕ್ಷಿಪಟಕ್ಕೆ ಹಾನಿಯಾಗುವ ಸಂಭವ ಇರುವುದರಿಂದ ಆರಂಭದಲ್ಲೊಮ್ಮೆ, ಐದು ವರ್ಷಗಳ ಬಳಿಕ ಪ್ರತಿ ವರ್ಷ ಕಣ್ಣಿನ ಪರೀಕ್ಷೆ ಮಾಡಿಸಬೇಕು. ಹೆದರಿ ಮಾತ್ರೆ ಬಿಡುವುದು ಇದಕ್ಕೆ ಪರಿಹಾರವಲ್ಲ. ಸ್ಟೀರಾಯ್ಡ್ ಬೆಂಕಿಯನ್ನು ಬೇಗ ಆರಿಸುತ್ತದೆ. ಆದರೆ ಮೂಳೆ, ಸಕ್ಕರೆ, ರಕ್ತದೊತ್ತಡಗಳ ಮೇಲೆ ಅದರ ಕೆಟ್ಟ ಪರಿಣಾಮ ನಿಜ. ಆದ್ದರಿಂದಲೇ ವೈದ್ಯರು ಅದನ್ನು ಮೆಲ್ಲಮೆಲ್ಲನೆ ಇಳಿಸುತ್ತಾರೆ. ವಾರಗಟ್ಟಲೆ ಸೇವಿಸಿದವರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

ಈ ಮಾತ್ರೆಯ ಬೆಲೆ ಏನೆಂದು ರೋಗಿಗಳು 2020ರಲ್ಲಿ ಕಂಡುಕೊಂಡರು. ಕೋವಿಡ್ ತಡೆಯಲು ಹೈಡ್ರಾಕ್ಸಿಕ್ಲೋರೋಕ್ವಿನ್ ಒಳ್ಳೆಯದೆಂಬ ಸುದ್ದಿ ಹಬ್ಬಿದೊಡನೆ ಆರೋಗ್ಯವಂತರು ಅಂಗಡಿಗಳಲ್ಲಿ ಅದನ್ನು ಬಾಚಿಕೊಂಡರು. ಆ ಮಾರ್ಚ್ ತಿಂಗಳಲ್ಲಿ ಸರ್ಕಾರ ಮಾರಾಟಕ್ಕೆ ಕಟ್ಟುಪಾಡು ವಿಧಿಸಬೇಕಾಯಿತು. ನಿಜವಾಗಿ ಬೇಕಾಗಿದ್ದ ಲೂಪಸ್ ರೋಗಿಗಳು ಚೀಟಿ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆದರು. ಕೋವಿಡ್‌ ರೋಗಿಗಳಿಗೆ ಅದರಿಂದ ಪ್ರಯೋಜನವಿಲ್ಲವೆಂದು ಅದೇ ವರ್ಷದ ಜೂನ್‌ನಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ತಿಳಿಸಿತು. ಅಂದು ಬೇಡದವರು ಬಾಚಿಕೊಂಡರು. ಇಂದು ಬೇಕಾದವಳ ಕೈಯಿಂದ ನಾವೇ ಕಿತ್ತುಕೊಳ್ಳುತ್ತಿದ್ದೇವೆ.

ಇನ್ನು 'ರೋಗನಿರೋಧಕ ಶಕ್ತಿ ಹೆಚ್ಚಿಸುವ' ಪುಡಿ, ಲೇಹ್ಯ, ಕಷಾಯಗಳನ್ನು ಪ್ರೀತಿಯಿಂದ ತಂದುಕೊಡುವ ಬಂಧುಗಳು. ಬೇಲಿಯೇ ಹೊಲ ಮೇಯುತ್ತಿರುವಾಗ ಬೇಲಿಗೆ ಗೊಬ್ಬರ ಹಾಕುವುದೆಂತು? ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದ ನೋವಿನ ಮಾತ್ರೆಯೂ ಸೋತ ಮೂತ್ರಪಿಂಡವನ್ನು ಇನ್ನಷ್ಟು ಕೆಡಿಸುತ್ತದೆ.

ಬಚ್ಚಿಡುವ ಪಾಪ

ಎಲ್ಲಕ್ಕಿಂತ ಹೆಚ್ಚಿನ ಅನ್ಯಾಯ ನಡೆಯುವುದು ಮದುವೆಯ ಮಾತುಕತೆಯಲ್ಲಿ. ಹುಡುಗಿಯ ಕಾಯಿಲೆಯನ್ನು ಬಚ್ಚಿಟ್ಟು ಮದುವೆ ಮಾಡುತ್ತೇವೆ. ಗಂಡನ ಮನೆಯಲ್ಲಿ ಮಾತ್ರೆ ಕಾಣಬಾರದೆಂದು ಆಕೆಯೇ ಅದನ್ನು ಬಿಡುತ್ತಾಳೆ. ಕೆಲವೇ ತಿಂಗಳಲ್ಲಿ ರೋಗ ಮರುಕಳಿಸುತ್ತದೆ, ಬಹಳ ಸಲ ಗರ್ಭಿಣಿಯಾಗಿರುವಾಗಲೇ. ರೋಗ ಕನಿಷ್ಠ ಆರು ತಿಂಗಳು ಹಿಡಿತದಲ್ಲಿದ್ದ ಮೇಲೆ, ವೈದ್ಯರೊಡನೆ ಮಾತನಾಡಿ ಗರ್ಭ ಧರಿಸಿದರೆ ಆರೋಗ್ಯವಂತ ಮಗು ಹುಟ್ಟುವುದು ಬಹುಮಟ್ಟಿಗೆ ಸಾಧ್ಯ. ಕೆಲವು ಮಾತ್ರೆಗಳನ್ನು ಮೊದಲೇ ಬದಲಿಸಬೇಕಾಗುತ್ತದೆ. ಹೈಡ್ರಾಕ್ಸಿಕ್ಲೋರೋಕ್ವಿನನ್ನು ಗರ್ಭಿಣಿಯೂ ಮುಂದುವರಿಸಬಹುದು. ಬಚ್ಚಿಟ್ಟ ಮನೆಯಲ್ಲಿ ಈ ಸಿದ್ಧತೆಗೆ ಅವಕಾಶವೆಲ್ಲಿ? ದಾಂಪತ್ಯವನ್ನು ಗಂಭೀರವಾಗಿ ಕದಡಬಲ್ಲ ಸಂಗತಿಯನ್ನು, ಸಮ್ಮತಿ ಪಡೆಯಲೆಂದೇ ವಂಚನೆಯಿಂದ ಮರೆಮಾಚಿದರೆ ಆ ವಿವಾಹವೇ ಅಸಿಂಧುವಾಗಬಹುದೆಂದು ಅದೇ ಸಂಹಿತೆಯ 1098ನೆಯ ವಿಧಿ ಎಚ್ಚರಿಸುತ್ತದೆ. ಗಂಡಿನ ಕಡೆಯವರಿಗೂ ಒಂದು ಮಾತು: ನಿಜ ಹೇಳಿದವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುವ ನೀವೇ ಅವರಿಗೆ ಸುಳ್ಳು ಕಲಿಸುತ್ತಿದ್ದೀರಿ.

ಅಮೆರಿಕದ ಕಥೋಲಿಕ ಲೇಖಕಿ ಫ್ಲಾನರಿ ಓಕಾನರ್ ಅವರ ತಂದೆ 1941ರಲ್ಲಿ ಲೂಪಸ್‌ನಿಂದ ತೀರಿಕೊಂಡರು. ಮಗಳಿಗೂ ಅದೇ ಕಾಯಿಲೆ ಬಂದಾಗ ತಾಯಿ ನಿಜ ಹೇಳದೆ ಸಂಧಿವಾತವೆಂದು ನಂಬಿಸಿದರು. 1952ರಲ್ಲಿ ಗೆಳತಿಯೊಬ್ಬರಿಂದ ಸತ್ಯ ತಿಳಿಯಿತು. ತಿಳಿದ ಮೇಲೆ ಅವರು ಕುಸಿಯಲಿಲ್ಲ. ಮೆಟ್ಟಿಲು ಹತ್ತಲಾಗದೆ ಕೆಳಗಿನ ಕೋಣೆಯಲ್ಲೇ ಇದ್ದು, ಮೈಯಲ್ಲಿ ಕಸುವಿರುತ್ತಿದ್ದ ಬೆಳಗಿನ ಗಂಟೆಗಳನ್ನು ಬರವಣಿಗೆಗೆ ಮೀಸಲಿಟ್ಟು, ಊರುಗೋಲು ಹಿಡಿದೂ ಬರೆದರು. 1964ರಲ್ಲಿ 39ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಂದಿನ ಮದ್ದುಗಳಲ್ಲಿ ಹೆಚ್ಚಿನವು ಅಂದು ಇರಲಿಲ್ಲ. ನಮ್ಮ ಮಗಳಿಗೆ ಅವು ಇವೆ. ಸತ್ಯವನ್ನು ಹೇಳುವ ಮನೆಯೂ ಆಕೆಗೆ ಬೇಡವೇ?

ಬಡವರು ಏನು ಮಾಡಬೇಕು?

"ಕೂಲಿಗೆ ಹೋಗದಿದ್ದರೆ ಒಲೆ ಹೊತ್ತುವುದಿಲ್ಲ, ನೆರಳಿನಲ್ಲಿ ಕೂರುವುದು ಶ್ರೀಮಂತರ ಮಾತು" ಎನ್ನುವವರ ಆಕ್ಷೇಪ ನ್ಯಾಯವಾದುದೇ. ಆದರೆ ಎಲ್ಲ ಕೆಲಸವೂ ನಡುಹಗಲಿನದಲ್ಲ. ಬೆಳಿಗ್ಗೆ 10ರಿಂದ ಸಂಜೆ 4ರವರೆಗಿನ ಬಿಸಿಲನ್ನು ತಪ್ಪಿಸಿ, ಹೊಲದ ಕೆಲಸವನ್ನು ನಸುಕಿನಲ್ಲಿ ಮಾಡಬಹುದು. ಕಾಯಿ ಬಿಡಿಸುವ ಕೆಲಸವನ್ನು ಚಪ್ಪರದ ಕೆಳಗೆ ಆಕೆಗೆ ಕೊಟ್ಟು ಬಿಸಿಲಿನ ಕೆಲಸವನ್ನು ಬೇರೆಯವರು ಹಂಚಿಕೊಳ್ಳಬಹುದು. ತುಂಬುತೋಳಿನ ರವಿಕೆ, ತಲೆಯ ಮೇಲೆ ಸೆರಗು, ಕೊಡೆ, ಇವು ದುಬಾರಿಯಲ್ಲ. ತಜ್ಞರಿರುವುದು ದೊಡ್ಡ ಊರುಗಳಲ್ಲಿ, ನಿಜ. ಬೆಂಗಳೂರಿನ ಸಂತ ಜಾನರ ಆಸ್ಪತ್ರೆಯಲ್ಲಿ ಈ ರೋಗಗಳಿಗೆಂದೇ ವಿಭಾಗವಿದೆ. ಚಳ್ಳಕೆರೆಯಿಂದ ಅದು ಸುಮಾರು 200 ಕಿ.ಮೀ. ಆದರೆ ತಿಂಗಳು ತಿಂಗಳೂ ಅಲ್ಲಿಗೆ ಓಡಬೇಕಾಗಿಲ್ಲ. ರಕ್ತದೊತ್ತಡ ನೋಡುವುದು, ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದೆಯೇ ಎಂದು ಪರೀಕ್ಷಿಸುವುದು ತಾಲ್ಲೂಕಿನಲ್ಲೇ ಆಗುವ ಕೆಲಸ. ಮೂತ್ರಪಿಂಡಕ್ಕೆ ರೋಗ ತಗುಲಿದಾಗ ಮೊದಮೊದಲು ನೋವೇ ಇರುವುದಿಲ್ಲ. ಮೂತ್ರದಲ್ಲಿ ನೊರೆ, ಕಾಲಿನಲ್ಲಿ ಬಾವು ಕಾಣಿಸಿದ ದಿನವೇ ವೈದ್ಯರ ಬಳಿಗೆ ಹೊರಡಬೇಕು. ಜ್ವರವನ್ನೂ ಉಪೇಕ್ಷಿಸಬಾರದು.

ಧರ್ಮಕೇಂದ್ರಗಳಿಗೂ ಇಲ್ಲಿ ಕರ್ತವ್ಯವಿದೆ. ನಮ್ಮ ಮೆರವಣಿಗೆ, ಯಾತ್ರೆಗಳು ನಡುಹಗಲಿನಲ್ಲೇ ಏಕೆ ಹೊರಡಬೇಕು? ಸಂತ ವಿನ್ಸೆಂಟ್ ದೆ ಪಾಲ್ ಸಭೆಯಂತಹ ಸಂಘಗಳು ಇಂಥ ಒಬ್ಬ ರೋಗಿಯ ವರ್ಷದ ಬಸ್ಸಿನ ವೆಚ್ಚವನ್ನು ವಹಿಸಿಕೊಳ್ಳಲಾರವೇ? ವಿವಾಹ ಸಿದ್ಧತೆಯ ತರಗತಿಗಳಲ್ಲಿ ಕಾಯಿಲೆಯ ವಿಷಯವನ್ನು ಮುಚ್ಚುಮರೆಯಿಲ್ಲದೆ ಮಾತನಾಡಲು ಏನು ಅಡ್ಡಿ?

ಓದುಗ ಬಂಧುಗಳೇ, ರೋಗಿಗಾಗಿ ಜಪಮಾಲೆ ಹಿಡಿಯಿರಿ. ಅದೇ ಕೈಯಿಂದ ಆಕೆಗೆ ಊಟವಾದ ಮೇಲೆ ಮಾತ್ರೆಯನ್ನೂ ನೀರನ್ನೂ ಕೊಡಿರಿ. "ಇವತ್ತು ಮಾತ್ರೆ ತೆಗೆದುಕೊಂಡೆಯಾ, ತಾಯಿ?" ಎಂದು ದಿನಕ್ಕೊಮ್ಮೆ ಕೇಳಿರಿ. ನಿಲ್ಲಿಸುವ ಮಾತನ್ನು ವೈದ್ಯರಿಗೆ ಬಿಡಿರಿ. ಆ ಅಧಿಕಾರ ನಮ್ಮದಲ್ಲ.